ಪೆಟ್ರೋಲಿಗೆ ಹಾಕಿದ ಕರ್ಪೂರ

ಕರ್ಪೂರದ ವಾಸನೆ ಬಂದರೆ ಇವತ್ತಿಗೂ ನನಗೆ ಗುಡಿಗಿಂತ ಮೊದಲು ಸವಣೂರಿನ ಡ್ರೈವರ್ ಖಾದರಸಾಬರು ನೆನಪಾಗುತ್ತಾರೆ.

ಎರಡನೇ ಮಹಾಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ನಮ್ಮ ಮನೆಯಲ್ಲಿ ಸಹಿ ಮಾಡಲು ಬರುತ್ತಿದ್ದುದು ನನಗೊಬ್ಬಳಿಗೇ. ಆ ದಿನ ಮಧ್ಯಾಹ್ನ ಎರಡಕ್ಕೆ ಹುಬ್ಬಳ್ಳಿಯಲ್ಲಿ ಸ್ಕಾಲರ್‌ಶಿಪ್ ಪರೀಕ್ಷೆ. ಅದು ತಪ್ಪಿದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪನೂ ನಾನೂ ಹೊರಟಿದ್ದ ಬಸ್ಸು ತಡಸದ ಏರಿನಲ್ಲಿ ಕೆಮ್ಮಿ ನಿಂತಿತು.

ಖಾದರಸಾಬರು ಸೀಟಿನ ಕೆಳಗಿನಿಂದ ಒಂದು ಬಾಟಲಿ ಪೆಟ್ರೋಲು ತೆಗೆದರು. "ಬರೇ ಇದರಾಗ ಏರು ಹತ್ತೂದಿಲ್ಲ. ಯಾರ ಹತ್ರರ ಕರ್ಪೂರ ಐತೇನ್ರಿ? ಹಾಕಿದ್ರ ಜೋರು ಬರ್ತೈತಿ."

ಹುಬ್ಬಳ್ಳಿಯ ಗುಡಿಗೆಂದು ತಂದಿದ್ದ ಪೊಟ್ಟಣವನ್ನು ಅಪ್ಪ ಗಟ್ಟಿಯಾಗಿ ಹಿಡಿದುಕೊಂಡ. "ಇದು ದೇವರದ್ದರಿ." ಆಮೇಲೆ ನನ್ನ ಮುಖ ನೋಡಿ ಕೊಟ್ಟುಬಿಟ್ಟ.

"ಸಾಬ್ರ, ಇಂಜಿನ್ನಿಗೆ ಮಂಗಳಾರತಿ ಏನ್ರಿ?" ಎಂದು ಹಿಂದಿನಿಂದ ಯಾರೋ ನಕ್ಕರು.

"ಹೂಂ, ನೀವು ಗಂಟಿ ಬಾರಸ್ರಿ!" ಎಂದರು ಸಾಬರು.

ಪುಡಿ ಮಾಡಿದ ಕರ್ಪೂರ ಬಾಟಲಿಯಲ್ಲಿ, ನೀರಿಗೆ ಹಾಕಿದ ಸಕ್ಕರೆಯಂತೆ ಕರಗಿತು. ಸಾಬರು ಅದನ್ನು ಇಂಜಿನ್ನಿಗೆ ಸುರಿದರು. ಬಸ್ಸು ಗುಡುಗುತ್ತ ಏರು ಹತ್ತಿತು. ಹುಬ್ಬಳ್ಳಿಯಲ್ಲಿ ಸ್ಟ್ಯಾಂಡು ಬಿಟ್ಟು ನೇರ ಶಾಲೆಯ ಬಾಗಿಲಿಗೇ ಬಂತು. ಸಂತೆಗೆ ಹೊರಟವರು ಒಬ್ಬರೂ ಗೊಣಗಲಿಲ್ಲ.

ಅಪ್ಪ ಇಳಿದು ಸಾಬರಿಗೆ ಕೈಮುಗಿದ.

"ಕೈ ಮುಗ್ಯೂದು ಆಮ್ಯಾಲರಿ. ಮೊದ್ಲ ಮಗಳನ್ನ ಓಡಸ್ರಿ!"

ಕಾಲಿಗೆ ತೊಡರುತ್ತಿದ್ದ ಪರಕಾರದ ನೆರಿಗೆ ಎತ್ತಿ ಹಿಡಿದುಕೊಂಡು ನಾನು ಓಡಿದೆ.