ಬಿಸಿ ಬಾನೆಟ್

ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟ ಹೆಡ್ ನರ್ಸ್, ಮಗುವಿನ ಹಣೆ ಮುಟ್ಟಿ ಜ್ವರ ಕಂಡುಹಿಡಿದವಳ ಹಾಗೆ ಹುಬ್ಬು ಗಂಟಿಕ್ಕಿದಳು.

"ಬಿಸಿ ಇದೆಯಲ್ಲ?"

"ಬಿಸಿಲು ನೋಡಿ ಮೇಡಂ," ಎಂದ ಹಳೆ ಕಾರುಗಳ ದಲ್ಲಾಳಿ.

"ಶೆಡ್ಡಿನ ಒಳಗೆ ಯಾವ ಬಿಸಿಲು?"

ಅವಳ ಗಂಡ ಆಗಲೇ ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗ್ ಸವರುತ್ತಿದ್ದ. ಮದುವೆಗೂ ಮೊದಲಿಂದ ಈ ಮಾದರಿಯ ದುಬಾರಿ ಕಾರಿನ ಮೇಲೆ ಅವನಿಗೆ ಕಣ್ಣು. ಹೊಸದಿದ್ದಾಗ ಅದರ ಬೆಲೆ ಕೇಳುವ ಧೈರ್ಯವೂ ಇರಲಿಲ್ಲ. "ವಾರಂಟಿ ಮುಗಿದಿರೋದಕ್ಕೇ ನಮ್ಮ ಕೈಗೆ ಎಟುಕ್ತಾ ಇದೆ ಕಣೇ," ಎಂದ ಕಿಟಕಿಯಿಂದ ತಲೆ ಹೊರಹಾಕಿ.

"ಕಾರು ಎಟುಕುತ್ತೆ. ನಾಳೆ ಕೆಟ್ಟು ನಿಂತರೆ ರಿಪೇರಿ ಎಟುಕಬೇಕಲ್ಲ?"

ದಲ್ಲಾಳಿಗೆ ನಿಜಕ್ಕೂ ಸಂಕಟವಾಯಿತು. ಲಟಾರಿ ಗಾಡಿಗಳನ್ನೆಲ್ಲ ಹೊಗಳಿ ಹೊಗಳಿ ದಾಟಿಸಿದ ಬಾಯಿ ಅವನದು. ಆದರೆ ಈ ಕಾರು ಹಾಗಲ್ಲ. ಒಬ್ಬರೇ ಓಡಿಸಿದ್ದು, ಹೊತ್ತುಹೊತ್ತಿಗೆ ಸರ್ವಿಸ್ ಆದದ್ದು, ಕೈಯಲ್ಲಿ ದುಡ್ಡು ಇದ್ದಿದ್ದರೆ ತಾನೇ ಇಟ್ಟುಕೊಳ್ಳುತ್ತಿದ್ದ. ಇದುವರೆಗೆ ನೋಡಲು ಬಂದವರಿಗೆಲ್ಲ ಆಣೆ ಮಾಡಿ ಹೇಳಿದ್ದ. ಆಣೆ ಮಾಡಿದಷ್ಟೂ ಅವರ ಅನುಮಾನ ಜಾಸ್ತಿಯಾಗುತ್ತಿತ್ತು. ಜೀವನದಲ್ಲಿ ಅಪರೂಪಕ್ಕೆ ನಿಜ ಹೇಳಿದರೆ ನಂಬುವವರೇ ಇಲ್ಲ. ಇವತ್ತು ಒಬ್ಬರಾದರೂ ನಂಬಲಿ ಎನ್ನುವುದು ಅವನಿಗೆ ಮಾರಾಟಕ್ಕಿಂತ ದೊಡ್ಡದಾಗಿತ್ತು.

"ನಾವು ಬರೋ ಮುಂಚೆ ಸ್ಟಾರ್ಟ್ ಮಾಡಿದ್ರಿ ಅಲ್ವಾ?" ನರ್ಸ್ ಕೇಳಿದಳು.

"ಸ್ವಲ್ಪ ಹೊತ್ತು..."

ಇದು ಈ ಕಸುಬಿನವರ ಹಳೆಯ ಕೈಚಳಕ. ತಣ್ಣಗಿದ್ದಾಗ ಎಂಜಿನ್ನಿನ ಕೆಮ್ಮು, ನಡುಕ, ಹೊಗೆ ಎಲ್ಲ ಹೊರಗೆ ಬರುತ್ತವೆ. ಬಿಸಿ ಮಾಡಿಟ್ಟರೆ ಎಷ್ಟೋ ರೋಗ ಅಡಗಿ ಕೂರುತ್ತದೆ.

"ನಮ್ಮಲ್ಲೂ ಕೆಲವರು ಮನೇಲೇ ಮಾತ್ರೆ ನುಂಗಿ ಬರ್ತಾರೆ," ಎಂದಳು ನರ್ಸ್. "ಜ್ವರ ಇದೆಯೋ ಇಲ್ಲವೋ ತಿಳಿಯೋದೇ ಇಲ್ಲ. ಪರವಾಗಿಲ್ಲ, ಮಾತ್ರೆ ಇಳೀಲಿ, ಕಾಯ್ತೀನಿ." ಹೇಳಿದವಳೇ ಕುರ್ಚಿ ಎಳೆದುಕೊಂಡು ಕಾರಿನ ಎದುರಿಗೇ ಕೂತುಬಿಟ್ಟಳು.

ಟೀ ಬಂತು, ತಣ್ಣಗಾಯಿತು. ಗಂಡ ಕಾರಿನ ಸುತ್ತ ಎಷ್ಟು ಸುತ್ತು ಹಾಕಿದನೋ ಅವನಿಗೇ ಗೊತ್ತಿಲ್ಲ. ದಲ್ಲಾಳಿ ಮಾತ್ರ ಬೆವರುತ್ತಿದ್ದ. ತಣ್ಣಗಿದ್ದಾಗ ಈ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆಂದು ತಾನು ಒಂದು ಸಲವೂ ಕಿವಿಗೊಟ್ಟು ಕೇಳಿಲ್ಲ ಎನ್ನುವುದು ಆಗ ಅವನಿಗೆ ಹೊಳೆದಿತ್ತು. ಇವತ್ತೇ ಕೆಮ್ಮಿಬಿಟ್ಟರೆ?

ಊಟದ ಹೊತ್ತು ಮೀರಿದ ಮೇಲೆ ನರ್ಸ್ ಎದ್ದು ಬಾನೆಟ್ ಎತ್ತಿಸಿ, ಒಳಗೆ ಕೈಯಾಡಿಸಿ ನೋಡಿದಳು. "ಈಗ ಸರಿ. ಸ್ಟಾರ್ಟ್ ಮಾಡಿ."

ದಲ್ಲಾಳಿ ಸ್ಟಾರ್ಟ್ ಮಾಡಿದ. ಎಂಜಿನ್ ಕೆಮ್ಮಲಿಲ್ಲ, ನಡುಗಲಿಲ್ಲ. ನರ್ಸ್ ಹಿಂದಕ್ಕೆ ಹೋಗಿ ಬಗ್ಗಿ ನೋಡಿದಳು. ಹೊಗೆಯೂ ಇರಲಿಲ್ಲ.

"ಇಷ್ಟು ಚೆನ್ನಾಗಿರೋ ಗಾಡೀನ ಯಾಕೆ ಬಿಸಿ ಮಾಡಿಟ್ಟಿದ್ರಿ?"

ದಲ್ಲಾಳಿ ತಲೆ ಕೆರೆದುಕೊಂಡ. "ಅಭ್ಯಾಸ ಅಕ್ಕ. ಯಾವ ಗಾಡಿ ಆದ್ರೂ ಗಿರಾಕಿ ಬರೋ ಮುಂಚೆ ಕೈ ತಾನಾಗೇ ಕೀ ತಿರುಗಿಸಿಬಿಡುತ್ತೆ. ಇದನ್ನ ನೋಡೋಕೆ ಬಂದೋರೆಲ್ಲ ವಾರಂಟಿ ಇಲ್ಲ ಅಂತ ವಾಪಸ್ ಹೋಗಿಬಿಟ್ರು."

"ವಾರಂಟಿ ಇಲ್ಲ ಅಂತ ಗೊತ್ತಿದ್ದೇ ಅಲ್ವೇನಪ್ಪಾ ಅವರು ಬಂದಿದ್ದು? ವಾಪಸ್ ಹೋಗಿದ್ದು ಬಾನೆಟ್ ಮುಟ್ಟಿ ನೋಡಿ." ಅವಳು ನಕ್ಕು ಗಂಡನ ಕಡೆ ತಿರುಗಿದಳು. "ಧೈರ್ಯವಾಗಿ ತಗೊಳ್ಳಿ."

ಕಾರು ಗೇಟು ದಾಟಿ ಹೋದ ಮೇಲೂ ದಲ್ಲಾಳಿ ಅದೇ ದಿಕ್ಕಿಗೆ ನೋಡುತ್ತ ನಿಂತಿದ್ದ. ಒಬ್ಬರಾದರೂ ನಂಬಿದ ಖುಷಿ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಅಷ್ಟರಲ್ಲಿ ಫೋನ್ ಬಂತು. ಮೂಲೆಯಲ್ಲಿದ್ದ ಬಿಳಿ ಕಾರು ನೋಡಲು ಯಾರೋ ಹೊರಟಿದ್ದರು. ಮಾತಾಡುತ್ತಲೇ ಅವನ ಕೈ ಗೋಡೆಯ ಮೊಳೆಯಿಂದ ಆ ಕಾರಿನ ಕೀ ತೆಗೆದುಕೊಂಡಿತ್ತು. ಅಂಗೈಯಲ್ಲಿದ್ದ ಕೀಯನ್ನು ಒಂದು ಗಳಿಗೆ ನೋಡಿ, ತಿರುಗಿ ಮೊಳೆಗೇ ಸಿಕ್ಕಿಸಿದ.

"ಗಾಡಿ ಹೇಗಿದೆ ಹೇಳಿ," ಎಂದಿತು ಫೋನಿನ ದನಿ.

ದಲ್ಲಾಳಿ ನರ್ಸ್ ಕೂತಿದ್ದ ಕುರ್ಚಿಯನ್ನು ಬಿಳಿ ಕಾರಿನ ಎದುರಿಗೆ ಎಳೆದು ಕೂತ.

"ತಣ್ಣಗಿದೆ, ಬನ್ನಿ. ಹೇಗಿದೆ ಅಂತ ಇಬ್ಬರೂ ಒಟ್ಟಿಗೇ ನೋಡೋಣ."