ಫೈಬರ್ ಆನೆಯ ಸೊಂಡಿಲು

ಫೈಬರ್ ಗೊಂಬೆಗೆ ಬಳಿಯುವ ರೆಸಿನ್ ಅಂಟಿನ ಬಕೆಟ್ಟಿಗೆ ಒಂದು ಮುಚ್ಚಳ ಹಾರ್ಡನರ್ ಬಿದ್ದರೆ ಅರ್ಧ ಗಂಟೆಯಲ್ಲಿ ಕಲ್ಲಾಗುತ್ತದೆ. ಬೀಳದಿದ್ದರೆ ವಾರವಾದರೂ ಅಂಟಂಟು. ಎರಡು ಬಿದ್ದರೆ ಬಕೆಟ್ಟೇ ಹೊಗೆಯಾಡುತ್ತದೆ. ಅದಕ್ಕೇ ರುದ್ರಾಚಾರಿಯ ಶೆಡ್ಡಿನಲ್ಲಿ ಗಂಡ ಹೆಂಡತಿ ಯಾರು ಹಾಕಿದರೂ "ಹಾಕ್ದೆ" ಎಂದು ಕೂಗಿ ಹೇಳುವ ರೂಢಿ.

ನಾಲ್ಕು ದಿನದಿಂದ ಇಬ್ಬರಿಗೂ ಮಾತಿಲ್ಲ. ಅವಳು ಹಾಕಿದ್ದಾಳೆಂದು ಇವನು, ಇವನು ಹಾಕಿದ್ದಾನೆಂದು ಅವಳು ಸುಮ್ಮನಿದ್ದು, ಪಾರ್ಕಿಗೆ ಹೋಗಬೇಕಾದ ಆನೆಯ ಸೊಂಡಿಲು ಗಟ್ಟಿಯಾಗಲೇ ಇಲ್ಲ. ಕೆರೆದು ತೆಗೆದದ್ದಾಯಿತು. ಈಗ ಉಳಿದಿರುವುದು ಒಂದೇ ಬಕೆಟ್ ರೆಸಿನ್.

"ನಾಳೆ ಬೆಳಿಗ್ಗೆ ಲಾರಿ ಬರುತ್ತೆ ಕಣಪ್ಪಾ," ಎಂದ ರುದ್ರಾಚಾರಿ, ಆನೆಗೆ.

"ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಕೆಲವರ ಮೀಸೆ ಉದುರಿಹೋಗುತ್ತೆ ಕಣೋ," ಎಂದಳು ಹೆಂಡತಿ, ಅದೇ ಆನೆಗೆ.

ಅವನಿಗೆ ಸಾಕಾಗಿತ್ತು. ಮೀಸೆ ಹೋದರೆ ಹೋಗಲಿ, ಇವತ್ತು ತಾನೇ ಸೋಲುವುದೆಂದು ನಿಶ್ಚಯಿಸಿದ. ಅವಳು ಒಳಗೆ ಹೋದದ್ದೇ ತಡ, ಅಳೆದು ಒಂದು ಮುಚ್ಚಳ ಸುರಿದು ಕಲಕಿದ. ಬ್ರಷ್ಷು ಹೊರಗಿತ್ತು. ತರಲು ಹೋದವನು, ಹೇಳಬೇಕಾದ ಮಾತನ್ನು ಎರಡು ಸಲ ಬಾಯಲ್ಲೇ ಆಡಿಕೊಂಡು ಮರಳಿದ.

ಅವಳು ಬಕೆಟ್ಟಿನ ಪಕ್ಕ ನಿಂತಿದ್ದಳು. ನಾಲ್ಕು ದಿನದ ಮೇಲೆ ಅವನ ಮುಖ ನೋಡಿ ನಕ್ಕಳು.

ಇಬ್ಬರೂ ಒಟ್ಟಿಗೇ ಬಾಯಿ ಬಿಟ್ಟರು: "ಹಾಕ್ದೆ."