ರಿಪೇರಿಯಿಲ್ಲದ ಮುಖ

ಹೆಣ್ಣು ನೋಡಲು ಬಂದ ವರನ ತಾಯಿ ಸೋಫಾದಲ್ಲಿ ಕೂತವರೇ, ಹಿಂದೆ ನೋಡಿಬಂದ ಹುಡುಗಿಯನ್ನು ಜಾಲಾಡತೊಡಗಿದರು.

“ದವಡೆ ಆಪರೇಷನ್ ಮಾಡಿಸ್ಕೊಂಡವಳು ಕಣ್ರೀ! ದವಡೆ ಸರಿಮಾಡಿದ್ರೆ ಅದರ ಕೀಲು ಜಾಗ ಬದಲಾಯಿಸುತ್ತಂತೆ. ಬಾಯಿ ಆಡಿಸಿದ್ರೆ ಕಿವಿ ಹತ್ರ ಟಕ್ ಟಕ್. ರಿಪೇರಿ ಮುಖ ನಮಗ್ಯಾಕೆ? ನಮ್ಮವನದು ನೋಡಿ, ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ.”

“ನಮ್ಮ ಹುಡುಗಿಗೆ ಅಂಥದ್ದೇನೂ ಇಲ್ಲ ತಾಯಿ,” ಎಂದು ಹುಡುಗಿಯ ತಂದೆ ಕೈಮುಗಿದರು. ಅವರು ಹೀಗೆ ಕೈಮುಗಿಯುತ್ತಿದ್ದುದು ಇದು ಐದನೆಯ ವರನ ಕಡೆಯವರಿಗೆ.

ವರ ತನ್ನ ಮುಂದಿಟ್ಟಿದ್ದ ತಿಂಡಿ ತಿನ್ನತೊಡಗಿದ. ಟಕ್. ಟಕ್. ಕೋಣೆಗೆಲ್ಲ ಕೇಳಿಸಿತು.

“ಚಕ್ಕುಲಿ ಒಳ್ಳೇ ಗರಿಗರಿಯಾಗಿದೆ,” ಎಂದರು ತಾಯಿ, ಅತ್ತ ತಿರುಗಿಯೂ ನೋಡದೆ.

ತಟ್ಟೆ ಹಿಡಿದು ಆಗಷ್ಟೇ ಒಳಗಿನಿಂದ ಬಂದ ಹುಡುಗಿ ಹೇಳಿದಳು: “ಚಕ್ಕುಲಿ ಈಗ ತರ್ತಿದ್ದೀನಿ ಆಂಟಿ. ಅವರು ತಿಂತಿರೋದು ಕೇಸರಿಬಾತು.”